ಮಕ್ಕಳಿಗೆ ಮಂಚ ಕೊಟ್ಟೆವು, ಮೇಜು ಕೊಡಲಿಲ್ಲ

ಕಳೆದ ವರ್ಷ ಪರೀಕ್ಷೆಗೆ ಹತ್ತು ದಿನ ಇರುವಾಗ ಅಕ್ಕನ ಮಗಳು ಫೋನ್ ಮಾಡಿದಳು. "ಮಾಮ, ಅಂಗಡಿಯ ಹಿಂದಿನ ಗೋಡೌನ್‌ನಲ್ಲಿ ಸ್ವಲ್ಪ ಜಾಗ ಉಂಟಾ?"

ಏನೋ ಸಾಮಾನು ಇಡಲಿಕ್ಕೆ ಇರಬೇಕು ಅಂದುಕೊಂಡೆ. "ಎಷ್ಟು ಜಾಗ ಬೇಕು?" ಅಂತ ಕೇಳಿದೆ.

"ಒಂದು ಕುರ್ಚಿ, ಒಂದು ಮೇಜು ಇಡುವಷ್ಟು. ಹತ್ತು ದಿನಕ್ಕೆ ಸಾಕು. ಓದಲಿಕ್ಕೆ."

ನಮ್ಮ ಅಂಗಡಿ ಹೊಸಂಗಡಿಯಲ್ಲಿ. ಹಿಂದಿನ ಗೋಡೌನ್‌ನಲ್ಲಿ ಅಕ್ಕಿ ಮೂಟೆ, ಹಿಂಡಿ ಮೂಟೆ, ಎಣ್ಣೆ ಟಿನ್ನು. ಮಧ್ಯಾಹ್ನ ಶೀಟಿನ ಸೆಕೆ, ರಾತ್ರಿ ಇಲಿಯ ಓಡಾಟ. ಅಂಥ ಜಾಗವನ್ನು ಬಿ.ಫಾರ್ಮಾ ಎರಡನೇ ವರ್ಷದ ಹುಡುಗಿ ಓದಲಿಕ್ಕೆ ಕೇಳುತ್ತಾಳೆ ಎಂದರೆ ಅವಳು ಈಗಿರುವ ಜಾಗ ಹೇಗಿರಬಹುದು? ಸಾಮಾನು ತರಲು ಹೋದಾಗ ನೋಡಿದೆ. ದೇರಳಕಟ್ಟೆ ಕಡೆಯ ಒಂದು ಲೇಡೀಸ್ ಪಿಜಿ. ಬಾಗಿಲಿನವರೆಗೆ ಮಾತ್ರ ಬಿಟ್ಟರು, ಅಲ್ಲಿಂದಲೇ ಕೋಣೆ ಪೂರ್ತಿ ಕಂಡಿತು. ಒಂದರ ಮೇಲೊಂದರಂತೆ ಮೂರು ಜೋಡಿ ಕಬ್ಬಿಣದ ಮಂಚ, ಆರು ಹುಡುಗಿಯರು. ಕಿಟಕಿಯ ಸರಳಿನಲ್ಲಿ ಒದ್ದೆ ಬಟ್ಟೆ. ಒಂದೇ ಪ್ಲಗ್ಗಿಗೆ ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಆರು ಚಾರ್ಜರು. ಮೇಜು ಒಂದೂ ಇಲ್ಲ. ಅವಳು ಓದುತ್ತಿದ್ದದ್ದು ಮೆಟ್ಟಿಲಿನಲ್ಲಿ ಕುಳಿತು, ರಾತ್ರಿ ಹತ್ತಕ್ಕೆ ಮೆಟ್ಟಿಲಿನ ಲೈಟು ಆರಿಸುವವರೆಗೆ.

ಆ ಕೋಣೆ ನೋಡಿ ಬೇಸರವಾಯಿತು ಅಂತ ಬರೆದರೆ ಅರ್ಧ ಸತ್ಯ ಮಾತ್ರ ಹೇಳಿದ ಹಾಗೆ. ಉಳಿದ ಅರ್ಧ ಇಲ್ಲಿದೆ. ತೊಕ್ಕೊಟ್ಟಿನಿಂದ ದೇರಳಕಟ್ಟೆಗೆ ಹೋಗುವ ದಾರಿಯಲ್ಲಿ ನನ್ನ ಉಪ್ಪ ಮತ್ತು ಚಿಕ್ಕಪ್ಪ ಸೇರಿ ತೆಗೆದುಕೊಂಡ ಒಂದು ಕಟ್ಟಡ ಉಂಟು. ಕೆಳಗೆ ಎರಡು ಅಂಗಡಿ, ಮೇಲೆ ನಾಲ್ಕು ಕೋಣೆ. ಒಂದೊಂದು ಕೋಣೆಯಲ್ಲಿ ಆರು ಹುಡುಗರು, ಒಬ್ಬನಿಗೆ ತಿಂಗಳಿಗೆ 3,000 ರೂಪಾಯಿ. ಇಪ್ಪತ್ನಾಲ್ಕು ಮಂಚ, 72,000 ರೂಪಾಯಿ. ಅಲ್ಲೂ ಮೇಜು ಇರಲಿಲ್ಲ. ಬೇರೆಯವರ ಪಿಜಿಯ ಬಾಗಿಲಲ್ಲಿ ನಿಂತು ನಾನು ನೋಡಿದ್ದು ನಮ್ಮದೇ ಕೋಣೆಯನ್ನು.

ನಮ್ಮ ಸಮುದಾಯದವರು ಈ ವಿಷಯದಲ್ಲಿ ಎರಡೂ ಬದಿಯಲ್ಲಿ ಇದ್ದಾರೆ. ಮಂಗಳೂರು, ತೊಕ್ಕೊಟ್ಟು, ದೇರಳಕಟ್ಟೆ, ಕೊಣಾಜೆ ಬದಿಗೆ ಓದಲು ಮಕ್ಕಳನ್ನು ಕಳಿಸುವವರೂ ನಾವೇ, ಅದೇ ರಸ್ತೆಯಲ್ಲಿ ಗಲ್ಫಿನ ದುಡ್ಡಿನಿಂದ ಕಟ್ಟಡ ಕಟ್ಟಿಸಿ ಕೋಣೆ ಬಾಡಿಗೆಗೆ ಕೊಡುವವರಲ್ಲೂ ನಮ್ಮವರು ಇದ್ದಾರೆ. ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಶುರುವಾದದ್ದು 1980ರಲ್ಲಿ. ಆಮೇಲೆ ಆ ರಸ್ತೆಯಲ್ಲಿ ಮೆಡಿಕಲ್, ಡೆಂಟಲ್, ನರ್ಸಿಂಗ್, ಫಾರ್ಮಸಿ ಕಾಲೇಜುಗಳು ಸಾಲಾಗಿ ಬಂದವು. ಮಕ್ಕಳು ಬಂದಷ್ಟು ಬೇಗ ಹಾಸ್ಟೆಲ್ ಬರಲಿಲ್ಲ. ಆ ಸಂದನ್ನು ತುಂಬಿದ್ದು ನಮ್ಮಂಥವರ ಮಾಳಿಗೆ.

ಹಿರಿಯರಲ್ಲಿ ಈ ಮಾತು ಎತ್ತಿದರೆ ಮೊದಲು ಬರುವ ಉತ್ತರ ಎಲ್ಲರಿಗೂ ಗೊತ್ತು. "ನಾವು ದುಬೈಯ ದೇರಾದಲ್ಲಿ ಒಂದು ಕೋಣೆಯಲ್ಲಿ ಹತ್ತು ಮಂದಿ ಇದ್ದೆವು. ಎಂತ ಆಯ್ತು ನಮಗೆ?" ಚಿಕ್ಕಪ್ಪ ಹೇಳಿದ್ದೂ ಇದನ್ನೇ. ಅವರ ಮಾತು ಸುಳ್ಳಲ್ಲ. ಆ ಬೆಡ್‌ಸ್ಪೇಸಿನ ದುಡ್ಡಿನಿಂದಲೇ ನಮ್ಮ ಮನೆಗಳು ಎದ್ದದ್ದು, ಅಕ್ಕತಂಗಿಯರ ಮದುವೆ ಆದದ್ದು. ನಾನೂ ಶಾರ್ಜಾದಲ್ಲಿ ಎ.ಸಿ. ಮೆಂಟೆನೆನ್ಸ್ ಕೆಲಸದಲ್ಲಿ ನಾಲ್ಕು ವರ್ಷ ಎಂಟು ಮಂದಿಯ ಕೋಣೆಯಲ್ಲಿ ಮಲಗಿದವನು. ಆದರೆ ಒಂದು ವ್ಯತ್ಯಾಸವನ್ನು ನಾವು ಮರೆಯುತ್ತೇವೆ. ಗಲ್ಫಿನಲ್ಲಿ ನಮ್ಮ ಕೆಲಸ ಸೈಟಿನಲ್ಲಿ, ಅಂಗಡಿಯಲ್ಲಿ, ಹೋಟೆಲಿನಲ್ಲಿ ಇತ್ತು. ಕೋಣೆ ಇದ್ದದ್ದು ಬೆನ್ನು ಚಾಚಲಿಕ್ಕೆ. ವಿದ್ಯಾರ್ಥಿಯ ಕೆಲಸ ಕಾಲೇಜಿನಲ್ಲಿ ಮುಗಿಯುವುದಿಲ್ಲ, ಅರ್ಧ ಕೆಲಸ ಕೋಣೆಗೆ ಬಂದ ಮೇಲೆ ಶುರು. ಅವನ ಕೋಣೆ ಅವನ ವರ್ಕ್‌ಶಾಪ್. ಲೇತ್ ಮೆಷಿನ್ ಇಡಲಿಕ್ಕೆ ಜಾಗ ಇಲ್ಲದ ವರ್ಕ್‌ಶಾಪಿಗೆ ಮಗನನ್ನು ಕಳಿಸಿ, ಯಾಕೆ ಕೆಲಸ ಆಗಲಿಲ್ಲ ಅಂತ ಕೇಳುತ್ತೇವಾ?

ಇನ್ನೊಂದು ಉತ್ತರ, "ನಮ್ಮ ಮನೆಯಲ್ಲಿ ಹನ್ನೆರಡು ಜನ ಇದ್ದರು, ಚಿಮಿಣಿ ದೀಪದಲ್ಲಿ ಓದಿದೆವು." ಅದೂ ನಿಜ. ಆದರೆ ಆ ಮನೆಗೆ ಜಗಲಿ ಇತ್ತು, ಅಂಗಳ ಇತ್ತು, ಹಲಸಿನ ಮರದ ಬುಡ ಇತ್ತು. ಅದಕ್ಕಿಂತ ಮುಖ್ಯ, ಪರೀಕ್ಷೆ ಇರುವ ಮಗುವಿಗಾಗಿ ಗಲಾಟೆ ನಿಲ್ಲಿಸುವ ಉಮ್ಮ ಇದ್ದಳು. ಪಿಜಿ ಕೋಣೆಯಲ್ಲಿ "ಸ್ವಲ್ಪ ಸುಮ್ಮನಿರಿ" ಅಂತ ಹೇಳುವ ಅಧಿಕಾರ ಯಾರಿಗೂ ಇಲ್ಲ. ಆರು ಮಂದಿಯೂ ಸಮಾನರು, ಆರು ಮಂದಿಯೂ ಬಾಡಿಗೆ ಕೊಟ್ಟವರು.

ನಾನು ಓದಿದ್ದು ಡಿಪ್ಲೊಮಾ ಮೆಕ್ಯಾನಿಕಲ್. ಮಂಗಳೂರಿನಲ್ಲಿ ಐವರು ಇದ್ದ ಒಂದು ಬಾಡಿಗೆ ಕೋಣೆಯಲ್ಲಿ ಇದ್ದೆ. ಮೆಕ್ಯಾನಿಕಲ್ ಓದಿದವರಿಗೆ ಗೊತ್ತು, ಮೆಷಿನ್ ಡ್ರಾಯಿಂಗಿಗೆ ಬೋರ್ಡ್ ಬೇಕು, ಅದರ ಮೇಲೆ ಶೀಟ್ ಅಂಟಿಸಬೇಕು, ಮಿನಿ ಡ್ರಾಫ್ಟರ್ ಸಿಕ್ಕಿಸಬೇಕು. ಬೋರ್ಡ್ ಅಲ್ಲಾಡಿದರೆ ಗೆರೆ ಹೋಯಿತು. ನಮ್ಮ ಕೋಣೆಯಲ್ಲಿ ಬೋರ್ಡ್ ಇಡಲು ಚಪ್ಪಟೆ ಜಾಗ ಎಂದರೆ ಹಾಸಿಗೆ ಮಾತ್ರ. ಹಾಸಿಗೆಯಲ್ಲಿ ಒಬ್ಬ ಮಲಗಿರುತ್ತಿದ್ದ, ಇಲ್ಲವೇ ಯಾರಾದರೂ ಬಂದು ಕುಳಿತುಕೊಳ್ಳುತ್ತಿದ್ದ. ನಾನು ಎರಡು ಸಲ ಮೆಷಿನ್ ಡ್ರಾಯಿಂಗಿನಲ್ಲಿ ಫೇಲ್ ಆದೆ. ಉಪ್ಪ ಬೈಯಲಿಲ್ಲ, ಆದರೆ ಆ ವರ್ಷ ಅಂಗಡಿಯಲ್ಲಿ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಹುಡುಗ ಪೇಟೆ ಸುತ್ತುತ್ತಿದ್ದಾನೆ ಎಂದು ಅವರ ಲೆಕ್ಕ. ಬೋರ್ಡ್ ಇಡಲು ಜಾಗ ಇರಲಿಲ್ಲ ಎಂದು ನಾನು ಹೇಳಲಿಲ್ಲ. ಹೇಳಿದರೆ ನೆಪ ಹೇಳಿದ ಹಾಗೆ ಆಗುತ್ತದೆ ಎಂದು ಭಯ. ನನಗೇ ಅದು ನೆಪ ಅನ್ನಿಸಿತ್ತು. ದಡ್ಡ ನಾನೇ ಎಂದು ನಂಬಿಕೊಂಡಿದ್ದೆ.

ಇದು ನನ್ನೊಬ್ಬನ ಕಥೆ ಎಂದು ಬಿಡಬಹುದು. ಹಾಗಾದರೆ ಲೆಕ್ಕ ನೋಡಿ, ಲೆಕ್ಕ ಯಾರದೂ ಅಲ್ಲ.

ನಮ್ಮ ಕಟ್ಟಡದ ಒಂದು ಕೋಣೆ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರ. ನೆಲ 120 ಚದರ ಅಡಿ. ಆರು ಮಂದಿಗೆ ಹಂಚಿದರೆ ತಲಾ 20 ಚದರ ಅಡಿ. ಆರು ಅಡಿ ಉದ್ದ, ಮೂರು ಅಡಿ ಅಗಲದ ಮಂಚವೇ 18 ಚದರ ಅಡಿ ಆಗುತ್ತದೆ. ನಮ್ಮ ದೇಶದ ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಶಿಕ್ಷಣ ಸಂಸ್ಥೆಯ ಹಾಸ್ಟೆಲಿನಲ್ಲಿ ಒಬ್ಬನೇ ಇರುವ ಕೋಣೆ ಕನಿಷ್ಠ 7.5 ಚದರ ಮೀಟರ್, ಎಂದರೆ ಸುಮಾರು 80 ಚದರ ಅಡಿ ಇರಬೇಕು. ಆ ಲೆಕ್ಕದಲ್ಲಿ ನಮ್ಮ ಕೋಣೆ ಇಬ್ಬರಿಗೂ ಸ್ವಲ್ಪ ಸಣ್ಣದೇ.

ಇನ್ನು ಗಾಳಿ. ಎ.ಸಿ. ಕೆಲಸದಲ್ಲಿ ನಾವು ಮೊದಲು ಕೇಳುವ ಪ್ರಶ್ನೆ, ಕೋಣೆಯಲ್ಲಿ ಎಷ್ಟು ಜನ? ಯಾಕೆಂದರೆ ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಡುತ್ತದೆ. ಆರು ಮಂದಿ ಎಂದರೆ 600 ವ್ಯಾಟ್. ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ, ಆರ್‌ಸಿಸಿ ಮಾಳಿಗೆಯ ಕೆಳಗೆ, ಒಂದು ಸಣ್ಣ ಇಸ್ತ್ರಿಪೆಟ್ಟಿಗೆಯನ್ನು ಆನ್ ಮಾಡಿ ಇಟ್ಟು ಮಲಗಿದ ಹಾಗೆ. ರಾತ್ರಿ ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚುತ್ತಾರೆ, ಮಂಗಳೂರಿನ ಮಲೇರಿಯಾ, ಡೆಂಗಿ ಯಾರಿಗೆ ಗೊತ್ತಿಲ್ಲ? ಮಲಗಿರುವ ಒಬ್ಬ ಮನುಷ್ಯ ಗಂಟೆಗೆ ಸುಮಾರು 12 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಆರು ಮಂದಿಗೆ 72 ಲೀಟರ್. ನಮ್ಮ ಕೋಣೆಯಲ್ಲಿ ಇರುವ ಗಾಳಿ ಒಟ್ಟು 34,000 ಲೀಟರ್. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 420 ಪಾಲು ಇದ್ದರೆ, ಗಾಳಿ ಬಾರದ ಹಾಗೆ ಮುಚ್ಚಿದ ಈ ಕೋಣೆಯಲ್ಲಿ ಒಂದೇ ಗಂಟೆಯಲ್ಲಿ 2,000 ದಾಟುತ್ತದೆ. ಬಾಗಿಲಿನ ಸಂದಿನಿಂದ ಸ್ವಲ್ಪ ಹೊಸ ಗಾಳಿ ಬರುವುದರಿಂದ ಅಷ್ಟು ವೇಗವಾಗಿ ಏರದಿರಬಹುದು, ಆದರೆ ಬೆಳಗಿನವರೆಗೆ ಆರೇಳು ಗಂಟೆ ಉಂಟಲ್ಲ. ಫ್ಯಾನ್ ಹೊಸ ಗಾಳಿ ತರುವುದಿಲ್ಲ, ಇದ್ದದ್ದನ್ನೇ ತಿರುಗಿಸುತ್ತದೆ. ಬೆಳಿಗ್ಗೆ ತಲೆ ಭಾರ, ಕ್ಲಾಸಿನಲ್ಲಿ ತೂಕಡಿಕೆ. ಮೇಷ್ಟ್ರು ಹೇಳುತ್ತಾರೆ, ರಾತ್ರಿ ಇಡೀ ಮೊಬೈಲ್ ನೋಡಿರಬೇಕು.

ಮೊಬೈಲೂ ನೋಡುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಬ್ಬನ ಮಂಚವೇ ಅವನ ಊಟದ ಜಾಗ, ಓದುವ ಜಾಗ, ಮಲಗುವ ಜಾಗ ಆದರೆ, ಅಲ್ಲಿ ಮೊಬೈಲ್ ನೋಡುವುದಕ್ಕಿಂತ ಸುಲಭದ ಕೆಲಸ ಬೇರೆ ಯಾವುದು?

ಬಾತ್‌ರೂಮಿನ ಲೆಕ್ಕ ಇನ್ನೂ ಸರಳ. ಆರು ಮಂದಿಗೆ ಒಂದು, ಒಬ್ಬನಿಗೆ 12 ನಿಮಿಷ, ಒಟ್ಟು 72 ನಿಮಿಷ. ಎಂಟೂವರೆಗೆ ಕ್ಲಾಸು. ಮೊದಲನೆಯವನು ಐದೂವರೆಗೆ ಎದ್ದು ಲೈಟು ಹಾಕಬೇಕು, ಆಗ ಉಳಿದ ಐವರ ನಿದ್ದೆ ಮುಗಿಯಿತು. ನರ್ಸಿಂಗ್ ಹುಡುಗನಿಗೆ ನೈಟ್ ಪೋಸ್ಟಿಂಗ್ ಇದ್ದರೆ ಅವನು ಹಗಲು ಮಲಗಬೇಕು, ಆಗ ಉಳಿದವರ ರಜೆ. ಈ ಪ್ರಾಯದವರಿಗೆ ಏಳರಿಂದ ಒಂಬತ್ತು ಗಂಟೆ ನಿದ್ದೆ ಬೇಕು ಎನ್ನುತ್ತಾರೆ. ಆ ಕೋಣೆಯಲ್ಲಿ ಸತತ ಏಳು ಗಂಟೆ ಕತ್ತಲು ಇರುವುದೇ ಇಲ್ಲ. ಒಬ್ಬನಿಗೆ ಕೆಂಗಣ್ಣು, ಕೋಟ್ಲೆ, ಕಜ್ಜಿ ಬಂದರೆ ಕೋಣೆ ಇಡೀ ಹಬ್ಬಬಹುದು. ಎಲ್ಲಾ ಬರುವುದು ಪರೀಕ್ಷೆಯ ಹೊತ್ತಿಗೇ.

ಲೆಕ್ಕಕ್ಕೆ ಸಿಗದ ಸಂಗತಿಯೂ ಒಂದು ಇದೆ. ಒಬ್ಬಂಟಿಯಾಗಿ ಇರಲು ಜಾಗ ಇಲ್ಲದ ಕೋಣೆಯಲ್ಲೇ ಮಕ್ಕಳು ಹೆಚ್ಚು ಒಂಟಿಯಾಗುತ್ತಾರೆ. ಉಮ್ಮನಿಗೆ ಫೋನ್ ಮಾಡಿ "ನನಗೆ ಆಗುತ್ತಿಲ್ಲ" ಎಂದು ಹೇಳಲು ಒಂದು ಮೂಲೆ ಬೇಕಲ್ಲ? ಐದು ಮಂದಿ ಕೇಳುವಾಗ ಯಾರು ಹೇಳುತ್ತಾರೆ? "ಊಟ ಆಯ್ತಾ?", "ಆಯ್ತು." "ಸೌಖ್ಯನಾ?", "ಸೌಖ್ಯ." ಅಷ್ಟರಲ್ಲಿ ಫೋನ್ ಮುಗಿಯುತ್ತದೆ. ನಾವು ಊರಿನಲ್ಲಿ ನೆಮ್ಮದಿಯಿಂದ ಮಲಗುತ್ತೇವೆ. ಮಗ ಫೋನ್ ತೆಗೆಯುವುದು ಕಡಿಮೆಯಾದರೆ ಗರ್ವ ಬಂತು ಎನ್ನುತ್ತೇವೆ.

ಹೆಣ್ಣುಮಕ್ಕಳಿಗೆ ಇದು ಇನ್ನೂ ಬಿಗಿ. ಹುಡುಗರು ರಾತ್ರಿ ಹೊರಗೆ ಗಾಳಿಗೆ ನಿಂತಾರು, ಹೋಟೆಲಿನಲ್ಲಿ ಒಂದು ಚಾ ಹಿಡಿದು ಕುಳಿತಾರು. ನನ್ನ ಅಕ್ಕನ ಮಗಳ ಪಿಜಿಯ ಗೇಟು ಏಳೂವರೆಗೆ ಮುಚ್ಚುತ್ತದೆ. ಆ ಗೇಟು ನೋಡಿಯೇ ನಾವು ಆ ಪಿಜಿ ಆರಿಸಿದ್ದು. "ಸೇಫ್ ಉಂಟು" ಎಂದೆವು. ಗೇಟು ಮುಚ್ಚಿದ ಮೇಲೆ ಒಳಗೆ ಕುಳಿತುಕೊಳ್ಳಲು ಜಾಗ ಉಂಟಾ ಎಂದು ನಾವು ಯಾರೂ ಕೇಳಲಿಲ್ಲ. ಅಕ್ಕನ ಮನೆ ಬದಿಯಡ್ಕ ಕಡೆ. ದಿನಾ ಹೋಗಿ ಬರುವುದಾದರೆ ಕುಂಬಳೆಗೆ ಒಂದು ಬಸ್ಸು, ಅಲ್ಲಿಂದ ತೊಕ್ಕೊಟ್ಟಿಗೆ ಒಂದು, ಅಲ್ಲಿಂದ ದೇರಳಕಟ್ಟೆಗೆ ಇನ್ನೊಂದು. ಅದು ಆಗದ ಮಾತು.

ಗಡಿಯ ಈಚೆ ಇರುವ ನಮಗೆ ಇನ್ನೊಂದು ತೊಡಕು. ಕಾಸರಗೋಡು, ಮಂಜೇಶ್ವರದ ಮಕ್ಕಳಿಗೆ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರು ಎಂಬ ಅರ್ಹತೆಯಲ್ಲಿ ಸೀಟು ಸಿಗಲು ದಾರಿ ಇದೆ. ಆದರೆ ಅಲ್ಲಿನ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲುಗಳು ಕರ್ನಾಟಕದ ನಿವಾಸಿಗಳಿಗೆ. ಸೀಟು ಗಡಿ ದಾಟುತ್ತದೆ, ಹಾಸಿಗೆ ತಲಪಾಡಿಯಲ್ಲೇ ನಿಲ್ಲುತ್ತದೆ. ಗಡಿನಾಡ ಕನ್ನಡಿಗರ ಬಗ್ಗೆ ಭಾಷಣ ಮಾಡುವವರು ಹಾಸ್ಟೆಲಿನ ಈ ಸಣ್ಣ ವಿಷಯವನ್ನೂ ಕೇಳಬೇಕು. ಆದರೆ ಸರಕಾರ ಮಾಡುವವರೆಗೆ ನಾವು ಮಾಡಬಹುದಾದದ್ದು ಸಾಕಷ್ಟು ಇದೆ, ನಾನು ಬರೆಯಲು ಕುಳಿತದ್ದು ಅದನ್ನು.

ಮೊದಲು ನಮ್ಮ ಕಟ್ಟಡದ ಕಥೆ ಮುಗಿಸುತ್ತೇನೆ. ಒಂದು ಶುಕ್ರವಾರ ಊಟದ ನಂತರ ಉಪ್ಪ, ಚಿಕ್ಕಪ್ಪ, ನಾನು ಕುಳಿತು ಮಾತಾಡಿದೆವು. ಮಾತು ನಡೆದದ್ದು ಬ್ಯಾರಿಯಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಕೇಳಿದ್ದು, ಆರು ಮಂಚವನ್ನು ಮೂರು ಮಾಡುವ. ಚಿಕ್ಕಪ್ಪ ಕ್ಯಾಲ್ಕುಲೇಟರ್ ತೆಗೆದರು. "ತಿಂಗಳಿಗೆ 36,000 ಹೋಗುತ್ತದೆ. ಬ್ಯಾಂಕಿನ ಕಂತು ನೀನು ಕಟ್ಟುತ್ತೀಯಾ?" ಬಾಡಿಗೆ ಎರಡರಷ್ಟು ಮಾಡುವ ಎಂದೆ. "ಆಗ 6,000 ಕೊಡುವವರು ಬರುತ್ತಾರೆ. ಈಗ ಇರುವ ಹುಡುಗರು ಎಲ್ಲಿಗೆ ಹೋಗುತ್ತಾರೆ? ಇನ್ನೊಬ್ಬನ ಎಂಟು ಮಂದಿಯ ಕೋಣೆಗೆ."

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಕೋಣೆ ಖಾಲಿ ಮಾಡಿದರೆ ಮೊದಲು ಹೊರಗೆ ಬೀಳುವವನು ಬಡವರ ಮಗ. ಆಗ ನಾನು ನನ್ನ ಡ್ರಾಯಿಂಗ್ ಬೋರ್ಡಿನ ಕಥೆ ಹೇಳಿದೆ, ಹದಿನೈದು ವರ್ಷದ ನಂತರ ಮೊದಲ ಸಲ. ಉಪ್ಪ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಒಂದು ಮೇಜು ಸಾಕಿತ್ತಾ?" ಅಂತ ಕೇಳಿದರು.

"ಸಾಕಿತ್ತು ಉಪ್ಪ."

"ಹಾಗಾದರೆ ಒಂದು ಕೋಣೆ ಬಿಡುವ. ನಾಲ್ಕರಲ್ಲಿ ಒಂದು."

ಹಾಗೆ ಮಾಡಿದೆವು. ಒಂದು ಕೋಣೆಯ ಮಂಚಗಳನ್ನು ಎತ್ತಿ, ಗೋಡೆಯುದ್ದಕ್ಕೂ ಪ್ಲೈವುಡ್ ಮೇಜು ಬಡಿಸಿ, ಹತ್ತು ಕುರ್ಚಿ, ಹತ್ತು ಪ್ಲಗ್, ಕಿಟಕಿಗೆ ಸೊಳ್ಳೆ ಜಾಳಿಗೆ, ಎರಡು ಫ್ಯಾನ್. ದಿನದ 24 ಗಂಟೆ ತೆರೆದಿರುತ್ತದೆ. ಮಾತಾಡುವವರು ಹೊರಗೆ, ಇದೊಂದೇ ನಿಯಮ. ಆ ಕೋಣೆಯ ಆರು ಮಂದಿಯನ್ನು ನಾವು ಹೊರಗೆ ಹಾಕಲಿಲ್ಲ, ಫೈನಲ್ ಇಯರಿನವರು ಮುಗಿಸಿ ಹೋದ ಮೇಲೆ ಹೊಸಬರನ್ನು ತೆಗೆದುಕೊಳ್ಳಲಿಲ್ಲ, ಅಷ್ಟೆ. ಉಳಿದ ಮೂರು ಕೋಣೆಗೆ ಎಕ್ಸಾಸ್ಟ್ ಫ್ಯಾನ್, ಕಿಟಕಿಗಳಿಗೆ ಜಾಳಿಗೆ ಹಾಕಿಸಿದೆವು, ಈಗ ರಾತ್ರಿ ಕಿಟಕಿ ತೆರೆದು ಮಲಗಬಹುದು. ಬಾಡಿಗೆ 300 ರೂಪಾಯಿ ಏರಿಸಿದೆವು. ಹದಿನೆಂಟು ಮಂದಿಯಿಂದ 59,400. ಮೊದಲಿಗಿಂತ ತಿಂಗಳಿಗೆ 12,600 ರೂಪಾಯಿ ಕಡಿಮೆ, ಉಪ್ಪನ ಪಾಲಿಗೆ 6,300, ಚಿಕ್ಕಪ್ಪನ ಪಾಲಿಗೆ 6,300. ದೊಡ್ಡ ಉಪಕಾರ ಮಾಡಿದ್ದೇವೆ ಎಂದು ನಾನು ಹೇಳುವುದಿಲ್ಲ. ಆರು ಮಂದಿಯ ಕೋಣೆ ಈಗಲೂ ಆರು ಮಂದಿಯದೇ. ಬಾತ್‌ರೂಮಿನ ಸಾಲು ಈಗಲೂ ಇದೆ. ಆದರೆ ರಾತ್ರಿ ಹನ್ನೊಂದಕ್ಕೆ ಹೋದರೆ ಆ ಮೇಜಿನಲ್ಲಿ ಏಳೆಂಟು ತಲೆ ಕಾಣುತ್ತದೆ, ಮಲಗುವ ಕೋಣೆಯಲ್ಲಿ ಲೈಟು ಆರಿರುತ್ತದೆ. ಓದುವವನಿಗೂ ನಿದ್ದೆ ಮಾಡುವವನಿಗೂ ಜಗಳ ನಿಂತಿದೆ.

ಇದರಿಂದ ನನಗೆ ಅರ್ಥವಾದದ್ದು ಇಷ್ಟು. ಎಲ್ಲರಿಗೂ ಒಂದೊಂದು ಕೋಣೆ ಕೊಡಲು ನಮ್ಮಿಂದ ಆಗದಿರಬಹುದು. ಮಲಗುವ ಜಾಗದಿಂದ ಓದುವ ಜಾಗವನ್ನು ಬೇರೆ ಮಾಡಲು ಆಗುತ್ತದೆ.

ಹಾಗಾಗಿ ಮೂರು ಕಡೆಯವರಿಗೆ ನನ್ನ ವಿನಂತಿ.

ಮಕ್ಕಳನ್ನು ಸೇರಿಸಲು ಹೋಗುವ ಹೆತ್ತವರಿಗೆ: ಬಾಡಿಗೆ ಎಷ್ಟು, ಊಟ ಹೇಗೆ, ಗೇಟು ಎಷ್ಟು ಗಂಟೆಗೆ ಎಂದು ಕೇಳುವುದರ ಜೊತೆ ಇನ್ನೂ ನಾಲ್ಕು ಕೇಳಿ. ಕೋಣೆಯಲ್ಲಿ ಎಷ್ಟು ಮಂದಿ? ಬಾತ್‌ರೂಮಿಗೆ ಎಷ್ಟು ಮಂದಿ? ರಾತ್ರಿ ಹತ್ತರ ಮೇಲೆ ಕುಳಿತು ಓದುವ ಜಾಗ ಎಲ್ಲಿ? ಕಿಟಕಿಗೆ ಜಾಳಿಗೆ ಉಂಟಾ? ವರ್ಷಕ್ಕೆ ಲಕ್ಷ ದಾಟುವ ಫೀಸು ಕಟ್ಟಿ, ತಿಂಗಳಿಗೆ ಸಾವಿರ ಉಳಿಸಲು ಹೋಗಿ ಒಂದು ವರ್ಷವನ್ನೇ ಕಳೆದುಕೊಳ್ಳುವುದು ವ್ಯಾಪಾರಸ್ಥರ ಮಕ್ಕಳಿಗೆ ಗೊತ್ತಿರಬೇಕಾದ ನಷ್ಟ. ಮಾರ್ಕ್ ಕಡಿಮೆ ಬಂದರೆ ಬೈಯುವ ಮೊದಲು ಒಮ್ಮೆ ಆ ಕೋಣೆಗೆ ಹೋಗಿ ಮಂಚದ ಮೇಲೆ ಅರ್ಧ ಗಂಟೆ ಕುಳಿತು ನೋಡಿ.

ಕೋಣೆ ಬಾಡಿಗೆಗೆ ಕೊಡುವ ನಮ್ಮವರಿಗೆ: ನಾಲ್ಕರಲ್ಲಿ ಒಂದು ಕೋಣೆ ಬಿಡಲು ಆಗದಿದ್ದರೆ ಮಾಳಿಗೆಗೆ ಒಂದು ಶೀಟು ಹಾಕಿ ನಾಲ್ಕು ಬೆಂಚು ಇಡಿ. ಅದೂ ಆಗದಿದ್ದರೆ ಮೆಟ್ಟಿಲಿನ ಲೈಟು ಆರಿಸಬೇಡಿ.

ಜಮಾಅತ್ ಕಮಿಟಿಯವರಿಗೆ: ನಮ್ಮ ಮದ್ರಸ ಕಟ್ಟಡಗಳಲ್ಲಿ ಬೆಂಚು, ಲೈಟು, ಫ್ಯಾನು, ನೀರು ಎಲ್ಲಾ ಉಂಟು. ತರಗತಿ ಇಲ್ಲದ ಹೊತ್ತಿನಲ್ಲಿ, ಮುಖ್ಯವಾಗಿ ಪರೀಕ್ಷೆಯ ತಿಂಗಳುಗಳಲ್ಲಿ, ರಾತ್ರಿ ಹನ್ನೊಂದರವರೆಗೆ ಒಂದು ಹಾಲ್ ತೆರೆದಿಡಿ. ಕಾಲೇಜು ಇರುವ ಜಾಗಗಳ ಜಮಾಅತ್‌ಗಳು ಶುರು ಮಾಡಲಿ. ಹೆಣ್ಣುಮಕ್ಕಳಿಗೆ ಬೇರೆ ಹಾಲ್, ನೋಡಿಕೊಳ್ಳಲು ಒಬ್ಬರು ಹಿರಿಯ ಹೆಂಗಸು, ಪಿಜಿಯವರೊಡನೆ ಗೇಟಿನ ಹೊತ್ತಿನ ಬಗ್ಗೆ ಒಂದು ಮಾತು. ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಚಂದಾ ಬೇಡ. ಕರೆಂಟ್ ಬಿಲ್ಲು ಸ್ವಲ್ಪ ಏರುತ್ತದೆ, ಅಷ್ಟೆ.

ಅಕ್ಕನ ಮಗಳು ಆ ಹತ್ತು ದಿನ ಗೋಡೌನ್‌ನಲ್ಲೇ ಓದಿದಳು. ಅಕ್ಕಿ ಮೂಟೆ ಸರಿಸಿ, ಹಳೆಯ ಕ್ಯಾಶ್ ಟೇಬಲ್ ತಂದಿಟ್ಟು, ಒಂದು ಟ್ಯೂಬ್‌ಲೈಟ್ ಹಾಕಿಕೊಟ್ಟೆ. ಎಲ್ಲಾ ವಿಷಯದಲ್ಲೂ ಪಾಸಾದಳು. ಫಲಿತಾಂಶ ಬಂದ ದಿನ ಫೋನ್ ಮಾಡಿ, "ಮಾಮ, ಟೇಬಲ್ ತೆಗೆಯಬೇಡಿ, ಮುಂದಿನ ಸೆಮಿಸ್ಟರಿಗೂ ಬೇಕು" ಎಂದಳು. ತೆಗೆಯಲಿಲ್ಲ. ಆದರೆ ಒಂದು ಹುಡುಗಿಗೆ ಓದಲು ಮೇಜು ಬೇಕಾದರೆ ಗಡಿ ದಾಟಿ ಮಾಮನ ಗೋಡೌನ್‌ವರೆಗೆ ಬರಬೇಕಾದದ್ದು ಸರಿಯಲ್ಲ. ಎಲ್ಲಾ ಮಕ್ಕಳಿಗೆ ಗೋಡೌನ್ ಇರುವ ಮಾಮ ಇರುವುದಿಲ್ಲ.